ಕಪ್ಪೆ ತೂಗುವ ತಕ್ಕಡಿ

ಆಗದ ಕೆಲಸವನ್ನು ನಾವು ತಕ್ಕಡಿಯಲ್ಲಿ ಕಪ್ಪೆ ತೂಗುವುದಕ್ಕೆ ಹೋಲಿಸುತ್ತೇವೆ. ಒಂದನ್ನು ಇಡುವಷ್ಟರಲ್ಲಿ ಇನ್ನೊಂದು ಜಿಗಿದಿರುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾಲಯದ ನಾಗರಾಜ್, ಸೀತಾರಾಮ್ ಮತ್ತು ಸಂಗಡಿಗರು ಕಪ್ಪೆಯನ್ನು ಬಿಟ್ಟು ಅದರ ಚರ್ಮದ ಒಸರನ್ನು ತೂಗಿದರು. ಗೂಳಿಗಪ್ಪೆಯ ಆ ಒಸರಿನಲ್ಲಿ ಸಿಕ್ಕ, ಬ್ಯಾಕ್ಟೀರಿಯಾ ಕೊಲ್ಲುವ ನಾಲ್ಕು ಪೆಪ್ಟೈಡ್‌ಗಳಿಗೆ ಟೈಗರಿನಿನ್ ಎಂದು ಹೆಸರಿಟ್ಟು 2001ರಲ್ಲಿ ಪ್ರಕಟಿಸಿದರು. ಒಂದೊಂದರಲ್ಲೂ 11 ಅಥವಾ 12 ಅಮೈನೋ ಆಮ್ಲ, ಅಷ್ಟೇ. ಅಣುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರ್ ಬರೀ ದುಬಾರಿ ತಕ್ಕಡಿ ಎನ್ನುವವರಿಗೆ ನಾನು ಈ ಕಪ್ಪೆಯನ್ನೇ ತೋರಿಸುತ್ತೇನೆ. ಆ ತಕ್ಕಡಿ ಓದುವ ಯಂತ್ರ ಎಂಬುದು ನನ್ನ ವಾದ.

ತೂಕ ಓದಾಗುವುದು ಹೇಗೆ? ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದ ತಕ್ಕಡಿ ಪೆಟ್ಟಿಗೆಯ ತೂಕ ಹೇಳುತ್ತದೆ. ಒಳಗಿರುವುದು ಆವಕಾಯಿಯೋ ಪುಸ್ತಕವೋ ಹೇಳದು. ಪೆಪ್ಟೈಡ್ ಅಮೈನೋ ಆಮ್ಲಗಳ ಮಣಿಸರವಿದ್ದಂತೆ. ವಿದ್ಯುದಂಶ ಕೊಟ್ಟು ಹಾರಿಸಿ, ಅನಿಲದ ಕಣಗಳಿಗೆ ಡಿಕ್ಕಿ ಹೊಡೆಸಿದರೆ ಒಂದೊಂದು ಸರ ಒಂದೊಂದು ಕಡೆ ಕಡಿಯುತ್ತದೆ. ತುಂಡುಗಳನ್ನು ತೂಕದ ಸಾಲಿನಲ್ಲಿ ನಿಲ್ಲಿಸಿ ಕಳೆಯುತ್ತ ಹೋಗಬೇಕು: ವ್ಯತ್ಯಾಸ 147 ಬಂದರೆ ಫಿನೈಲಲನೀನ್, 97 ಬಂದರೆ ಪ್ರೋಲೀನ್, 57 ಬಂದರೆ ಗ್ಲೈಸೀನ್. ಕೂಡಿ-ಕಳೆಯುವ ಈ ಸುಖಕ್ಕೆ ಪದಬಂಧ ಬಿಡಿಸುವವರು ಅಸೂಯೆಪಡಬೇಕು! ಟೈಗರಿನಿನ್‌ನಲ್ಲಿ ಎರಡು ಸಿಸ್ಟೀನ್‌ಗಳು ಕೈಹಿಡಿದು ಒಂಬತ್ತು ಮಣಿಗಳ ಉಂಗುರ ಕಟ್ಟಿವೆ. ಅಂಥ ಗಂಟನ್ನು ಬಿಚ್ಚಿದರೆ ತೂಕ ಬರೀ 2 ಏರುತ್ತದೆ. ಅಷ್ಟರಿಂದಲೇ ಗಂಟಿತ್ತೆಂದು ತಿಳಿಯುತ್ತದೆ.

ಲ್ಯೂಸೀನ್, ಐಸೋಲ್ಯೂಸೀನ್ ಎರಡರದೂ ಒಂದೇ ತೂಕ, 113; ಅಲ್ಲಿ ಏನು ಓದುತ್ತೀರಿ ಎಂದರೆ, ಒಪ್ಪಲೇಬೇಕು. ಸಾಮಾನ್ಯ ವಿಧಾನದಲ್ಲಿ ಅಲ್ಲಿ ತಕ್ಕಡಿ ಮೂಕ. ಹೈದರಾಬಾದಿನವರು ತುದಿಯಿಂದ ಒಂದೊಂದೇ ಮಣಿ ಕಳಚುವ ಹಳೆಯ ಎಡ್ಮನ್ ವಿಧಾನವನ್ನೂ ಬಳಸಿದರು, ಪೆಪ್ಟೈಡನ್ನು ಪ್ರಯೋಗಾಲಯದಲ್ಲೇ ತಯಾರಿಸಿ ಖಚಿತಪಡಿಸಿಕೊಂಡರು. ಕೆಲವು ಅಕ್ಷರ ಅಸ್ಪಷ್ಟವಾದರೆ ಶಾಸನ ಓದುವವರು ಇನ್ನೊಂದು ಪ್ರತಿ ಹುಡುಕುತ್ತಾರೆಯೇ ಹೊರತು ಕಲ್ಲನ್ನು ಎಸೆಯುವುದಿಲ್ಲ.

ಈಗ ಎಲ್ಲವನ್ನೂ ಕಂಪ್ಯೂಟರ್ ಹೊಂದಿಸುತ್ತದೆ, ಕಸುಬು ಎಲ್ಲುಳಿಯಿತು ಎಂಬ ಆಕ್ಷೇಪ ಇದಕ್ಕಿಂತ ಬಲವಾದದ್ದು. ನಿಜ, ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಜಾನ್ಸ್ ಹಾಪ್ಕಿನ್ಸ್ ತಂಡ 2014ರಲ್ಲಿ ಮನುಷ್ಯನ 17,294 ಜೀನ್‌ಗಳ ಪ್ರೋಟೀನ್ ಗುರುತಿಸಿದ್ದು ಹಾಗೆಯೇ. ಆದರೆ ಹೊಂದಿಸಲು ಮೊದಲು ಗೊತ್ತಿರುವ ಪ್ರೋಟೀನ್‌ಗಳ ಪಟ್ಟಿ ಬೇಕು; 2001ರಲ್ಲಿ ಗೂಳಿಗಪ್ಪೆಯ ಜೀನೋಮ್ ಯಾರ ಕೈಯಲ್ಲೂ ಇರಲಿಲ್ಲ. ಬೆಂಗಳೂರಿನವರೂ ಪಟ್ಟಿಗೆ ಹೊಂದದೆ ಉಳಿದ ತುಂಡುಗಳನ್ನು ಬಿಸಾಡಲಿಲ್ಲ. ಪ್ರೋಟೀನ್ ಕೊಡುವುದಿಲ್ಲವೆಂದು ಬದಿಗಿಟ್ಟಿದ್ದ ಡಿಎನ್‌ಎ ಭಾಗಗಳಿಗೆ ಅವನ್ನು ಹೊಂದಿಸಿ ನೋಡಿದರು, ಕೆಲವು ಹೊಂದಿದವು. ಆ ಓದುಗಳಲ್ಲಿ ಕೆಲವನ್ನು ಬೇರೆ ವಿಜ್ಞಾನಿಗಳು ತಪ್ಪೆಂದರು. ಅವರು ಎದುರಿಗಿಟ್ಟದ್ದೂ ಅದೇ ತುಂಡುಗಳ ತೂಕಗಳನ್ನು.