ತೆರೆದ ಬಾಗಿಲಿನ ದೇವಾಲಯ

ಲಂಡನ್ ಮಹಾನಗರವನ್ನು ಸಂದರ್ಶಿಸಿದವರು ಟ್ರಫಾಲ್ಗರ್ ಚೌಕವನ್ನು ನೋಡದೆ ಹಿಂದಿರುಗುವುದು ಅಪೂರ್ವ. ನಡುವೆ ಮುಗಿಲಿಗೆ ಏರಿದ ನೆಲ್ಸನ್ನನ ಸ್ತಂಭ, ಅದರ ಬುಡದಲ್ಲಿ ಪವಡಿಸಿರುವ ನಾಲ್ಕು ಕಂಚಿನ ಸಿಂಹಗಳು, ಉತ್ತರ ದಿಕ್ಕಿಗೆ ಉದ್ದಕ್ಕೂ ಹಬ್ಬಿದ ರಾಷ್ಟ್ರೀಯ ಚಿತ್ರಶಾಲೆ, ಇವುಗಳನ್ನು ನೋಡಿ ದಣಿದ ಕಣ್ಣು ಈಶಾನ್ಯದ ಮೂಲೆಗೆ ಹೊರಳಿದರೆ ಅಲ್ಲಿ ಬಿಳಿಯ ಕಲ್ಲಿನ ದೇವಾಲಯವೊಂದು ಕಾಣುತ್ತದೆ. ಮುಂದೆ ಆರು ಎತ್ತರವಾದ ಕಂಬಗಳ ಮುಖಮಂಟಪ. ಅದರ ಮೇಲೆ ಮೊನಚಾಗಿ ಏರಿದ ಗೋಪುರ. ಇದೇ ಸೇಂಟ್ ಮಾರ್ಟಿನ್ ಇನ್ ದಿ ಫೀಲ್ಡ್ಸ್, ಎಂದರೆ ‘ಹೊಲಗಳ ನಡುವಣ ಸಂತ ಮಾರ್ಟಿನನ ದೇವಾಲಯ’. ಲಂಡನ್ ಮತ್ತು ವೆಸ್ಟ್‌ಮಿನ್‌ಸ್ಟರ್ ಎಂಬ ಎರಡು ಪಟ್ಟಣಗಳ ನಡುವೆ ಹಿಂದೆ ಹೊಲಗದ್ದೆಗಳಿದ್ದುವು. ಇಂದು ಹೊಲವೆಲ್ಲ ಮಾಯವಾಗಿ ಹೆಸರೊಂದೇ ಉಳಿದಿದೆ.

ಸಂತ ಮಾರ್ಟಿನನು ಕ್ರಿಸ್ತಶಕ ನಾಲ್ಕನೆಯ ಶತಮಾನದವನು. ರೋಮ್ ಸಾಮ್ರಾಜ್ಯದ ಸೈನ್ಯದಲ್ಲಿ ಕುದುರೆಸವಾರನಾಗಿದ್ದವನು. ಫ್ರಾನ್ಸ್ ದೇಶದ ಆಮಿಯಾ ಎಂಬ ಪಟ್ಟಣದ ಹೆಬ್ಬಾಗಿಲಿನಲ್ಲಿ, ಕಡುಚಳಿಯ ದಿನ, ಮೈಮೇಲೆ ಬಟ್ಟೆಯಿಲ್ಲದ ಭಿಕ್ಷುಕನೊಬ್ಬನನ್ನು ಕಂಡು ಅವನು ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಎರಡಾಗಿ ಸೀಳಿ ಅರ್ಧವನ್ನು ಕೊಟ್ಟನೆಂದು ಕಥೆ. ಪೂರ್ತಿಯಾಗಿ ಕೊಟ್ಟಿದ್ದರೆ ಅದು ದಾನವೆನ್ನಿಸುತ್ತಿತ್ತು. ಅರ್ಧವನ್ನು ಕೊಟ್ಟು ಅರ್ಧವನ್ನು ತಾನು ಹೊದ್ದುಕೊಂಡದ್ದರಿಂದ ಇಬ್ಬರೂ ಒಂದೇ ಬಟ್ಟೆಯವರಾದರು. ಚಳಿಯೂ ಇಬ್ಬರಿಗೂ ಸಮನಾಗಿ ಹಂಚಿಕೆಯಾಯಿತು. ಈ ಸೂಕ್ಷ್ಮವನ್ನು ವಾಚಕರು ನೆನಪಿನಲ್ಲಿಟ್ಟರೆ ಮುಂದೆ ಹೇಳುವ ಸಂಗತಿಗಳು ಸುಲಭವಾಗಿ ಮನಸ್ಸಿಗೆ ಬರುವುವು.

ಇಂತಹ ಸಂತನ ಹೆಸರನ್ನು ಹೊತ್ತ ಸ್ಥಳವಾದರೂ ಇದರ ಪೂರ್ವಚರಿತ್ರೆ ಅಷ್ಟು ಉದಾರವಾದುದಲ್ಲ. ಕ್ರಿ. ಶ. 1542ರಲ್ಲಿ ಎಂಟನೆಯ ಹೆನ್ರಿ ರಾಜನು ಇಲ್ಲಿದ್ದ ಹಳೆಯ ಗುಡಿಯನ್ನು ಮತ್ತೆ ಕಟ್ಟಿಸಿದನು. ಅದಕ್ಕೆ ಕಾರಣವು ಭಕ್ತಿಗಿಂತ ಹೆಚ್ಚಾಗಿ ಭಯ. ಈ ಕಡೆಯ ಪ್ಲೇಗ್ ರೋಗಿಗಳು ತನ್ನ ವೈಟ್‌ಹಾಲ್ ಅರಮನೆಯ ಆವರಣವನ್ನು ಹಾದುಹೋಗದೆ ಇತ್ತಲೇ ಉಳಿಯಲಿ ಎಂಬುದು ಅವನ ಅಭಿಪ್ರಾಯವಾಗಿತ್ತು. ಎಂದರೆ, ಹೊರಗಿನವರನ್ನು ಹೊರಗೇ ಇರಿಸುವುದಕ್ಕಾಗಿ ಕಟ್ಟಿದ ದೇವಾಲಯವಿದು! ಆ ಕಟ್ಟಡವು ಹೋಗಿ, ಈಗ ನಾವು ನೋಡುವ ದೇವಾಲಯವನ್ನು ಜೇಮ್ಸ್ ಗಿಬ್ಸ್ ಎಂಬ ಶಿಲ್ಪಿಯು 1722ರಿಂದ 1726ರ ವರೆಗೆ ನಿರ್ಮಿಸಿದನು. ಅರಮನೆಯು ಈ ಪಾದ್ರಿವಲಯಕ್ಕೆ ಸೇರಿದ್ದರಿಂದ ಒಳಗೆ ಉಪ್ಪರಿಗೆಯಲ್ಲಿ ರಾಜನಿಗೊಂದು ಪೀಠಸ್ಥಾನ, ನೌಕಾಧಿಪತಿಗಳಿಗೊಂದು ಪೀಠಸ್ಥಾನ ಏರ್ಪಟ್ಟುವು. ಆ ಕಾಲದ ಇಂಗ್ಲೆಂಡಿನಲ್ಲಿ ಶ್ರೀಮಂತರು ದೇವಾಲಯಗಳ ಆಸನಗಳನ್ನು ಬಾಡಿಗೆಗೆ ಹಿಡಿಯುವ ಪದ್ಧತಿಯೂ ಬಹುವಾಗಿ ಪ್ರಚಾರದಲ್ಲಿತ್ತು. ಬಾಡಿಗೆ ಕೊಡಲಾರದವರಿಗೆ ಹಿಂದೆಯೋ ಮೂಲೆಯಲ್ಲಿಯೋ ಉಳಿದ ಜಾಗ. ದೇವರ ಎದುರಿಗೆ ಎಲ್ಲರೂ ಸಮಾನರೆಂದು ಉಪದೇಶವಾಗುತ್ತಿದ್ದ ಮಂದಿರದಲ್ಲಿಯೇ ಯಾರು ದೊಡ್ಡವರು, ಯಾರು ಸಣ್ಣವರು ಎಂಬುದನ್ನು ಬೆಂಚುಗಳು ಸಾರಿ ಹೇಳುತ್ತಿದ್ದುವು.

ಗಿಬ್ಸನ ಈ ವಿನ್ಯಾಸವು ಸಮುದ್ರಗಳನ್ನು ದಾಟಿತು. ಕಂಬಗಳ ಮುಖಮಂಟಪ, ಅದರ ಹಿಂದೆ ಏರುವ ಗೋಪುರ, ಈ ಜೋಡಣೆಯನ್ನು ಅಮೆರಿಕದಲ್ಲಿಯೂ ಹಿಂದೂದೇಶದಲ್ಲಿಯೂ ಅನುಕರಿಸಿದರು. ಮದರಾಸಿನ ಎಗ್ಮೋರಿನಲ್ಲಿ 1821ರಲ್ಲಿ ಪ್ರತಿಷ್ಠಿತವಾದ ಸೇಂಟ್ ಆಂಡ್ರೂಸ್ ದೇವಾಲಯವು ಇದನ್ನೇ ಮಾದರಿಯಾಗಿಟ್ಟುಕೊಂಡುದು. ಅದನ್ನು ಕಟ್ಟಿದ ಡಿ ಹ್ಯಾವಿಲೆಂಡ್ ಎಂಬ ಸೇನಾ ಇಂಜಿನಿಯರನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಅವನು ಇಟ್ಟಿಗೆಯಿಂದ ಕಟ್ಟಿದ್ದ ದೊಡ್ಡ ಕಮಾನು 1937ರಲ್ಲಿ ಬಿದ್ದುಹೋಗುವವರೆಗೂ ನೋಡುವವರಿಗೆ ಬೆರಗನ್ನುಂಟುಮಾಡುತ್ತಿತ್ತು. ಹೀಗೆ ಕಂಬಗಳೂ ಗೋಪುರವೂ ಸುಲಭವಾಗಿ ದೇಶಾಂತರ ಹೋದುವು. ಆದರೆ ಈ ದೇವಾಲಯವು ಲೋಕದಲ್ಲಿ ನಿಜವಾದ ಕೀರ್ತಿಯನ್ನು ಪಡೆದುದು ಅವುಗಳಿಂದಲ್ಲ, ಒಂದು ಬಾಗಿಲಿನಿಂದ.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದ ಕೆಲವೇ ತಿಂಗಳುಗಳಲ್ಲಿ ಡಿಕ್ ಶೆಪ್ಪರ್ಡ್ ಎಂಬ ಪಾದ್ರಿಯು ಇಲ್ಲಿ ಸಭಾಪಾಲಕನಾಗಿ ಬಂದನು. ಕೂಗಳತೆಯ ದೂರದಲ್ಲಿ ಚೇರಿಂಗ್ ಕ್ರಾಸ್ ರೈಲುನಿಲ್ದಾಣ. ಫ್ರಾನ್ಸಿನ ರಣಭೂಮಿಗೆ ಹೋಗುವ ಸಿಪಾಯಿಗಳೂ ಅಲ್ಲಿಂದ ಹಿಂದಿರುಗುವವರೂ ಹಗಲಿರುಳು ಆ ಬೀದಿಗಳಲ್ಲಿ ತುಂಬಿರುತ್ತಿದ್ದರು. ಕೆಸರು ಮೆತ್ತಿದ ಬೂಟು, ನಿದ್ರೆಯಿಲ್ಲದ ಕಣ್ಣು. ಇಂಥವರು ದೇವಾಲಯದ ಮೆಟ್ಟಿಲನ್ನು ಹತ್ತುವುದೆಂತು? ಶೆಪ್ಪರ್ಡನು ಅವರಿಗಾಗಿ ದೇವಾಲಯವನ್ನು ತೆರೆದಿರಿಸಿದನು. ಬಂದವರು ಪ್ರಾರ್ಥನೆ ಮಾಡಬಹುದಾಗಿತ್ತು. ಮಾಡದೆ ಸುಮ್ಮನೆ ವಿಶ್ರಮಿಸಿಕೊಳ್ಳಬಹುದಾಗಿತ್ತು. ಯುದ್ಧವು ಮುಗಿದ ಮೇಲೆ ಕೆಲಸವಿಲ್ಲದವರು, ಮನೆಯಿಲ್ಲದವರು ಬಂದರು. ಅವರಿಗೆ ನೆಲಮಾಳಿಗೆಯು ಆಶ್ರಯವಾಯಿತು. ‘ಸದಾ ತೆರೆದ ಬಾಗಿಲಿನ ದೇವಾಲಯ’ವೆಂಬ ಬಿರುದು ಅಂದಿನಿಂದ ಇದಕ್ಕೆ ಅಂಟಿತು. ಉಬ್ಬಸರೋಗದಿಂದ ಬಹಳವಾಗಿ ನರಳುತ್ತಿದ್ದ ಶೆಪ್ಪರ್ಡನು ಹನ್ನೆರಡು ವರ್ಷಗಳ ತರುವಾಯ ಈ ಸ್ಥಾನವನ್ನು ಬಿಟ್ಟುಕೊಟ್ಟನು. ಬಾಗಿಲು ತೆರೆದೇ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳು ಬೀಳುತ್ತಿದ್ದಾಗ ಅದೇ ನೆಲಮಾಳಿಗೆಯಲ್ಲಿ ನಗರದ ಜನರು ತಲೆಮರೆಸಿಕೊಂಡರು. ವಸತಿಯಿಲ್ಲದವರ ಪರವಾಗಿ ದುಡಿಯುವ ಶೆಲ್ಟರ್ ಎಂಬ ಸಂಸ್ಥೆಯು 1966ರ ಡಿಸೆಂಬರಿನಲ್ಲಿ ಆರಂಭವಾದುದೂ ಇಲ್ಲಿಯೇ.

ಬರಲಾರದವರನ್ನೂ ಶೆಪ್ಪರ್ಡನು ಮರೆಯಲಿಲ್ಲ. 1924ರ ಜನವರಿ 6ರಂದು ಈ ದೇವಾಲಯದ ಆರಾಧನೆಯು ರೇಡಿಯೋ ಮೂಲಕ ಪ್ರಸಾರವಾಯಿತು, ದೇವಾಲಯವೊಂದರಿಂದ ಬಿ.ಬಿ.ಸಿ.ಯು ಪ್ರಸಾರ ಮಾಡಿದ ಮೊದಲ ಆರಾಧನೆಯಿದು. ಪವಿತ್ರವಾದ ಮಾತುಗಳು ಹೆಂಡದಂಗಡಿಗಳಲ್ಲಿಯೂ ಕೇಳಿಸಿಯಾವೆಂದು ಹಲವರು ಶಂಕಿಸುತ್ತಿದ್ದ ಕಾಲವದು. ಹಾಸಿಗೆ ಹಿಡಿದ ರೋಗಿಗೂ, ದೇವಾಲಯಕ್ಕೆ ಬರಲು ನಾಚುವ ಕುಡುಕನಿಗೂ ಕೇಳಿಸಲೆಂಬುದೇ ಶೆಪ್ಪರ್ಡನ ಇಚ್ಛೆ.

ಇಲ್ಲಿ ಶಬ್ದಾರ್ಥವಿಚಾರವೊಂದನ್ನು ವಾಚಕರು ಸಹಿಸಿಕೊಳ್ಳಬೇಕು. ‘ಸು’ ಎಂಬುದಕ್ಕೆ ‘ಆಗತ’ ಎಂಬುದು ಸೇರಿದರೆ ‘ಸ್ವಾಗತ’ವಾಗುತ್ತದೆ. ಆಗತನೆಂದರೆ ಬಂದವನು. ಆದ್ದರಿಂದ ಸ್ವಾಗತವು ಬಂದವನಿಗೆ ಮಾತ್ರ ಸಲ್ಲುವ ಮಾತು. ನಮ್ಮ ಸಭೆ ಸಮಾರಂಭಗಳಲ್ಲಿ ಇದು ಸಾಲದೆಂದು ‘ಸುಸ್ವಾಗತ’ವೆಂದು ಇನ್ನೊಂದು ‘ಸು’ವನ್ನು ಬಾಗಿಲಿಗೆ ಕಟ್ಟುವವರುಂಟು. ‘ಸು’ ಎಷ್ಟು ಸೇರಿದರೇನು? ‘ಇದು ನನ್ನಂಥವರ ಸ್ಥಳವಲ್ಲ’ ಎಂದುಕೊಂಡು ಬೀದಿಯಲ್ಲಿಯೇ ನಿಂತವನು ಇನ್ನೂ ಆಗತನಾಗಿಯೇ ಇಲ್ಲ. ಒಳಗೆ ವೇದಿಕೆಯಿಂದ ಹೇಳಿದ ಒಳ್ಳೆಯ ಮಾತು ಅವನ ಕಿವಿಗೆ ಬೀಳದು. ಅವನು ನೋಡುವುದು ಬಾಗಿಲನ್ನು, ಮೆಟ್ಟಿಲನ್ನು, ದೀಪವನ್ನು, ಕಾವಲುಗಾರನ ಮುಖವನ್ನು. ಹಲವು ಬಾರಿ ಹೊರಗೆ ತಳ್ಳಿಸಿಕೊಂಡವನ ಕಣ್ಣು ಇಂಥವನ್ನು ಓದುವುದರಲ್ಲಿ ಬಹು ಚುರುಕು. ಆದುದರಿಂದ ಆದರವು ಮನಸ್ಸಿನಲ್ಲಿದ್ದರೆ ಸಾಲದು, ಬೀದಿಗೆ ಕಾಣುವಂತಿರಬೇಕು.

ಸಂತ ಮಾರ್ಟಿನನ ದೇವಾಲಯದಲ್ಲಿ ಹೀಗೆ ಕಾಣುವಂತೆ ಮಾಡಿರುವುದನ್ನು ಒಂದೊಂದಾಗಿ ನೋಡುವುದು ನಿಜವಾದ ಯಾತ್ರೆ. ಗಿಬ್ಸನ ಕಾಲದಲ್ಲಿ ಈ ಕಟ್ಟಡದ ಎದುರು ಮನೆಗಳು ಒತ್ತಾಗಿದ್ದು, ಅದರ ಮುಖವೇ ದೂರಕ್ಕೆ ಕಾಣುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚೌಕವನ್ನು ಬಿಡಿಸಿದಾಗ ಅದು ಬಯಲಿಗೆ ಬಂದಿತು. ಮುಖಮಂಟಪದ ಮೆಟ್ಟಿಲುಗಳು ನಮ್ಮ ಹಳ್ಳಿಯ ಮನೆಗಳ ಜಗಲಿಯಂತೆ ಒದಗುತ್ತವೆ. ಯಾರು ಬೇಕಾದರೂ ಬಂದು ಕುಳಿತಾರು. ಬಾಗಿಲ ಬಳಿ ದೊಡ್ಡದೊಂದು ಕಲ್ಲಿನ ದಿಂಡು. ಅದರ ನೆತ್ತಿಯಲ್ಲಿ, ಈಗತಾನೆ ಹುಟ್ಟಿದ, ಹೊಕ್ಕುಳಬಳ್ಳಿಯೂ ಬಿಡದ ಹಸುಗೂಸೊಂದನ್ನು ಮೈಕ್ ಚ್ಯಾಪ್ಮನ್ ಎಂಬ ಶಿಲ್ಪಿಯು 1999ರಲ್ಲಿ ಕೆತ್ತಿದ್ದಾನೆ. ಕಿರೀಟವಿಲ್ಲ, ತೊಟ್ಟಿಲಿಲ್ಲ, ಮೈಮೇಲೆ ಬಟ್ಟೆಯಿಲ್ಲ. ಈ ದೇವಾಲಯದ ದೇವರು ಮೊದಲು ಲೋಕಕ್ಕೆ ಬಂದಾಗ ಅವನಿಗೂ ಛತ್ರದಲ್ಲಿ ಸ್ಥಳ ಸಿಕ್ಕಿರಲಿಲ್ಲವೆಂಬುದನ್ನು ಆ ಕಲ್ಲು ಒಳಗೆ ಹೋಗುವವರಿಗೂ ಹೋಗಲು ಅಂಜುವವರಿಗೂ ಜ್ಞಾಪಿಸುತ್ತದೆ.

ಒಳಗಡೆ ಪೂರ್ವದ ದೊಡ್ಡ ಕಿಟಕಿಯ ಹಳೆಯ ಬಣ್ಣದ ಗಾಜು ಯುದ್ಧದಲ್ಲಿ ನಾಶವಾಯಿತು. ಆ ಸ್ಥಾನದಲ್ಲಿ ಈಗಿರುವ ಕಿಟಕಿಯು ಇರಾನ್ ದೇಶದಲ್ಲಿ ಹುಟ್ಟಿದ ಶಿರಾಜೆ ಹೂಷಿಯಾರಿ ಎಂಬಾಕೆಯೂ ಪಿಪ್ ಹಾರ್ನ್ ಎಂಬಾತನೂ ಕೂಡಿ 2008ರಲ್ಲಿ ರಚಿಸಿದುದು. ನೀರಿನಲ್ಲಿ ಬಿದ್ದ ನೆರಳಿನಂತೆ ಬಾಗಿದ ಗೆರೆಗಳ ನಡುವೆ ಶಿಲುಬೆಯ ಆಕಾರವು ಮೂಡಿ, ಮಧ್ಯದಲ್ಲಿ ಅಂಡಾಕಾರದ ಬೆಳಕೊಂದು ಉಳಿಯುತ್ತದೆ. ಸಂತರ ಚಿತ್ರಗಳಿಲ್ಲ, ಬರಹವಿಲ್ಲ. ಅಕ್ಷರ ಬಾರದವನಿಗೂ ಅನ್ಯಮತದವನಿಗೂ ಆ ಬೆಳಕು ಒಂದೇ. ನಾವು ಹೋದ ಮಧ್ಯಾಹ್ನ, ಹಳೆಯ ಕೋಟನ್ನು ತಲೆದಿಂಬು ಮಾಡಿಕೊಂಡು ಒಬ್ಬನು ಹಿಂದಿನ ಬೆಂಚಿನಲ್ಲಿ ಗಾಢನಿದ್ರೆಯಲ್ಲಿದ್ದನು. ಮುಂದೆ ವಾದ್ಯಗಾರರು ಶ್ರುತಿಮಾಡುತ್ತಿದ್ದರು. ಅವನನ್ನು ಎಬ್ಬಿಸುವುದು ಯಾರ ಕರ್ತವ್ಯವೂ ಆಗಿದ್ದಂತೆ ತೋರಲಿಲ್ಲ.

ಮೆಟ್ಟಿಲುಗಳು ಜಗಲಿಯಾದರೂ ನಡೆಯಲಾರದವರಿಗೆ ಅವೇ ಗೋಡೆ. 2008ರಲ್ಲಿ ಮುಗಿದ ಜೀರ್ಣೋದ್ಧಾರಕ್ಕೆ 3 ಕೋಟಿ 60 ಲಕ್ಷ ಪೌಂಡುಗಳು ವೆಚ್ಚವಾದುವು. ಆಗ ದೇವಾಲಯದ ಪಕ್ಕದಲ್ಲಿ ಗಾಜಿನ ಸಣ್ಣ ಮಂಟಪವೊಂದನ್ನು ಕಟ್ಟಿ, ಅಲ್ಲಿಂದ ಕೆಳಗಿನ ಅಂಕಣಗಳಿಗೆ ಲಿಫ್ಟನ್ನು ಇಳಿಸಿದರು. ಗಾಲಿಕುರ್ಚಿಯವರಿಗೆ ಹಿತ್ತಿಲ ಬಾಗಿಲನ್ನು ತೋರಿಸುವುದು ಎಲ್ಲೆಡೆಯ ರೂಢಿ. ಇಲ್ಲಿ ಅವರ ದಾರಿಯು ಎಲ್ಲರ ದಾರಿಯೇ ಆಗಿ, ಬೀದಿಗೆ ಎದುರಾಗಿ, ಪಾರದರ್ಶಕವಾಗಿ ನಿಂತಿದೆ. ಅಂಗವೈಕಲ್ಯವನ್ನು ಕುರಿತು ಇಲ್ಲಿ ನಡೆದುಬಂದಿರುವ ಸಮ್ಮೇಳನಗಳ ಕ್ರಮವೂ ಇದಕ್ಕೆ ಒಪ್ಪುವಂಥದು: ಅವನ್ನು ಏರ್ಪಡಿಸುವುದರಲ್ಲಿಯೂ ಮಾತನಾಡುವುದರಲ್ಲಿಯೂ ಅಂಗವಿಕಲರೇ ಮುಂದಾಳುಗಳು. ಇಟ್ಟಿಗೆಯ ಕಮಾನುಗಳ ನೆಲಮಾಳಿಗೆಯಲ್ಲಿ, ಹಳೆಯ ಸಮಾಧಿಶಿಲೆಗಳನ್ನು ಹಾಸಿದ ನೆಲದ ಮೇಲೆ, ಒಂದು ಉಪಾಹಾರಗೃಹವಿದೆ. ಅದರ ಲಾಭವು ದೇವಾಲಯದ ಕಾರ್ಯಗಳಿಗೆ ಸಲ್ಲುತ್ತದೆ.

ನಮ್ಮ ಭಾಷೆಯಲ್ಲಿ ಪರದೇಶಿಯೆಂದರೆ ಬೇರೆ ದೇಶದವನೆಂದೂ ದಿಕ್ಕಿಲ್ಲದವನೆಂದೂ ಎರಡರ್ಥ. ಲಂಡನ್ನಿನಲ್ಲಿ ಈ ಎರಡರ್ಥಗಳೂ ಒಬ್ಬನಲ್ಲಿಯೇ ಕೂಡಿರುವುದು ವಿರಳವಲ್ಲ. ಆಶ್ರಯ ಬೇಡಿ ಬಂದು, ಸರ್ಕಾರದ ನೆರವಿಗೆ ಹಕ್ಕಿಲ್ಲದೆ ಉಳಿದವರಿಗೆ ಭಾನುವಾರ ಇಲ್ಲಿ ಊಟ, ಸ್ನಾನ, ಮಾತುಕತೆಗಳ ಏರ್ಪಾಡು ಬೆಳೆದುಬಂದಿದೆ. ಚೀನೀಯರ ಸಭೆಯೊಂದು ತನ್ನ ಭಾಷೆಗಳಲ್ಲಿಯೇ ಆರಾಧನೆ ನಡೆಸುತ್ತ ಬಂದಿದೆ. ಪರಕೀಯನಿಗೆ ತನ್ನ ನುಡಿಯು ಕಿವಿಗೆ ಬಿದ್ದ ಸ್ಥಳವೇ ಅರ್ಧ ಊರು.

ಇದೆಲ್ಲ ಸುಲಭವಾದ ಕಾರ್ಯವೆಂದು ಭಾವಿಸಲಾಗದು. ತೆರೆದ ಬಾಗಿಲಿನಿಂದ ಚಳಿಗಾಳಿಯೂ ಬರುತ್ತದೆ, ಕಳ್ಳನೂ ಬರುತ್ತಾನೆ, ಅಮಲೇರಿದವನು ಪ್ರಾರ್ಥನೆಯ ನಡುವೆ ಕೂಗುತ್ತಾನೆ. ಮಡಿಸಿದ ಬಟ್ಟೆಯುಟ್ಟು ಬಂದ ಗೃಹಸ್ಥನ ಪಕ್ಕದಲ್ಲಿ ವಾರಗಟ್ಟಲೆ ಸ್ನಾನವಿಲ್ಲದವನು ಕುಳಿತಾಗ, ಗೃಹಸ್ಥನು ಜಾಗ ಬದಲಾಯಿಸುವನೋ ಸ್ವಲ್ಪ ಸರಿದು ಎಡೆಕೊಡುವನೋ, ಅಲ್ಲಿ ಪರೀಕ್ಷೆ. ಕಲ್ಲು ಗಾಜುಗಳ ಕೆಲಸವು ಹಣದಿಂದ ಆದೀತು. ಈ ಒಂದು ಗೇಣು ಸರಿಯುವ ಕೆಲಸವನ್ನು ಪ್ರತಿಯೊಬ್ಬನೂ ತಾನೇ ಮಾಡಬೇಕು. ಹೊದಿಕೆಯ ಅರ್ಧವನ್ನು ಕೊಟ್ಟ ಸಂತನ ಕಥೆಯು ಇಲ್ಲಿ ಗೋಡೆಯ ಚಿತ್ರವಾಗಿ ಉಳಿಯದೆ ಬೆಂಚಿನ ಮೇಲೆ ದಿನವೂ ನಡೆಯಬೇಕಾಗಿದೆ.

ವರ್ಷಕ್ಕೊಮ್ಮೆ, ನವೆಂಬರ್ ತಿಂಗಳಿನಲ್ಲಿ, ಈ ದೇವಾಲಯದಲ್ಲಿ ವಿಶೇಷವಾದ ಆರಾಧನೆಯೊಂದು ನಡೆಯುತ್ತದೆ. ಆ ವರ್ಷ ಲಂಡನ್ನಿನಲ್ಲಿ ಮನೆಯಿಲ್ಲದವರಾಗಿ ತೀರಿಕೊಂಡವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ. ಬದುಕಿದ್ದಾಗ ಇವರಲ್ಲಿ ಎಷ್ಟೋ ಜನರನ್ನು ಯಾರೂ ಹೆಸರು ಹಿಡಿದು ಕರೆದಿರಲಾರರು. ನೌಕಾಧಿಪತಿಗಳಿಗೆಂದು ಕಟ್ಟಿದ ಉಪ್ಪರಿಗೆಯ ಕೆಳಗೆ, ರಾಜಪೀಠದ ಎದುರಿಗೆ, ಅವರ ಹೆಸರು ಅಂದು ಮೊಳಗುತ್ತದೆ. ಪ್ಲೇಗಿನವರು ಅರಮನೆಯತ್ತ ಸುಳಿಯದಿರಲೆಂದು ಕಟ್ಟಿದ ಸ್ಥಳವು ಇಷ್ಟು ದೂರ ಬಂದಿದೆ. ಇದನ್ನು ಯೋಚಿಸಿದರೆ ನಮ್ಮ ನಮ್ಮ ಊರುಗಳ ಮಂದಿರ, ಮಠ, ಚರ್ಚು, ಶಾಲೆಗಳ ವಿಷಯದಲ್ಲಿಯೂ ನಿರಾಶರಾಗಲು ಕಾರಣವಿಲ್ಲ. ಹಿಂದೆ ಹೀಗಿತ್ತೆಂಬುದು ಮುಂದೆಯೂ ಹೀಗೆಯೇ ಇರಬೇಕೆಂಬುದಕ್ಕೆ ಪ್ರಮಾಣವಾಗದು.

ಲಂಡನ್ನಿಗೆ ಹೋಗುವ ಯೋಗವು ಒದಗಿದ ವಾಚಕರು ಸಂಜೆಯ ವೇಳೆಗೆ ಚೇರಿಂಗ್ ಕ್ರಾಸ್ ನಿಲ್ದಾಣದಲ್ಲಿಳಿದು ನಾಲ್ಕು ಹೆಜ್ಜೆ ನಡೆದರೆ ಈ ದೇವಾಲಯವನ್ನು ಸೇರುವರು. ಗೋಪುರವನ್ನೂ ಕಂಬಗಳನ್ನೂ ನೋಡಿಯಾದ ಮೇಲೆ ಕಲ್ಲಿನ ಹಸುಗೂಸಿನ ಬಳಿ ಕಾಲುಗಂಟೆ ನಿಂತು, ಬಾಗಿಲಿನಲ್ಲಿ ಯಾರು ಯಾರು ಒಳಗೆ ಹೋಗುತ್ತಾರೆಂಬುದನ್ನು ಗಮನಿಸಿರಿ. ಹೋಗುವ ಯೋಗವಿಲ್ಲದವರು ಒಮ್ಮೆ ತಮ್ಮ ಮನೆಯೆದುರಿನ, ತಮ್ಮ ಗುಡಿಯೆದುರಿನ ಬೀದಿಗೆ ಇಳಿದು, ಊರುಗೋಲಿನ ಮುದುಕಿಯಂತೆ, ಹರಿದ ಅಂಗಿಯ ಹುಡುಗನಂತೆ, ಅಪರಿಚಿತನಂತೆ ನಿಂತು ಆ ಬಾಗಿಲನ್ನು ನೋಡಬಹುದು. ಅದಕ್ಕೆ ಹಡಗೂ ಬೇಡ, ವಿಮಾನವೂ ಬೇಡ.