ಗಾಡಿಯ ನಡುಕ

ಮನುಷ್ಯನ ಕೈ ನಡುಗಿದರೆ ಬಲ್ಲ ವೈದ್ಯನು ಕೈಗೆ ಎಣ್ಣೆ ತಿಕ್ಕಿ ಕಳುಹಿಸುವುದಿಲ್ಲ. ನಡುಕವು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ, ಲೋಟವನ್ನು ಎತ್ತುವಾಗಲೋ ಸುಮ್ಮನೆ ಕುಳಿತಿರುವಾಗಲೋ ಎಂದು ಕೇಳುತ್ತಾನೆ. ಹಳೆಯ ಮೋಟಾರು ಗಾಡಿಗೂ ಇದೇ ನ್ಯಾಯ ಸಲ್ಲತಕ್ಕುದು. ಸ್ಟಿಯರಿಂಗ್ ಚಕ್ರವು ನಡುಗಿದಾಗ ರೋಗವು ಆ ಚಕ್ರದಲ್ಲಿಯೇ ಇರುವುದು ಅಪರೂಪ. ಅದು ಸುದ್ದಿಯನ್ನು ಹೊತ್ತು ತಂದ ದೂತ ಮಾತ್ರ. ದೂತನ ಮಾತನ್ನು ಪೂರ್ತಿ ಕೇಳದೆ ಅವನ ಬಾಯಿ ಮುಚ್ಚಿಸುವವರೇ ಹೆಚ್ಚು.

ಶಿಕಾರಿಪುರದ ನಿವೃತ್ತ ಉಪಾಧ್ಯಾಯರೊಬ್ಬರ ಮನೆಯಲ್ಲಿ 1984ರ ಅಂಬಾಸಡರ್ ಕಾರೊಂದು ಉಂಟು. ತಂದೆಯವರು ಕೊಂಡದ್ದು. ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಈ ಗಾಡಿಗಳ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಮಾರಿಬಿಡಿರೆಂದು ಮಗ ವರ್ಷಕ್ಕೆರಡು ಸಲವಾದರೂ ಹೇಳುತ್ತಾನೆ. ರಾಯರು ಒಪ್ಪುವುದಿಲ್ಲ. ಅವರ ಪತ್ನಿಯ ತವರು ಸೊರಬ. ಶಿರಾಳಕೊಪ್ಪದ ಮೇಲೆ ಸುಮಾರು 40 ಕಿಲೋಮೀಟರಿನ ದಾರಿ. ಆ ದಾರಿಯನ್ನು ಗಾಡಿಯು ಎಷ್ಟು ಸಲ ಸವೆಸಿದೆಯೆಂಬುದಕ್ಕೆ ಲೆಕ್ಕವಿಲ್ಲ.

ಒಂದು ಮಳೆಗಾಲ ಮುಗಿದ ಮೇಲೆ ಗಾಡಿಗೆ ನಡುಕ ಹಿಡಿಯಿತು. ಊರು ದಾಟಿ ವೇಗವು 65ಕ್ಕೆ ಏರಿತೋ ಇಲ್ಲವೋ, ಸ್ಟಿಯರಿಂಗು ರಾಯರ ಅಂಗೈಯಲ್ಲಿ ಸಣ್ಣಗೆ ಅದುರತೊಡಗುವುದು. ಮೊದಲ ದಿನ ರಾಯರು ರಸ್ತೆಯನ್ನು ಬೈದರು. ಹಿಂದಿನ ಸೀಟಿನಲ್ಲಿ ಮೊಮ್ಮಗಳೊಡನೆ ಕುಳಿತಿದ್ದ ಪತ್ನಿ ಕೇಳಿದರು: “ರಸ್ತೆ ಕೆಟ್ಟದ್ದಾದರೆ ನಾವು ಕೂತ ಸೀಟೂ ನಡುಗಬೇಕಲ್ಲವೇ? ನಿಮ್ಮ ಕೈಗೆ ಮಾತ್ರ ಏಕೆ ಬಂತು?”

ಪರೀಕ್ಷೆಯ ಮೊದಲ ಪ್ರಶ್ನೆಯೇ ಇದು. ಮುಂದಿನ ಚಕ್ರಗಳ ದೋಷವು ಬಹುಮಟ್ಟಿಗೆ ಸ್ಟಿಯರಿಂಗಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಿಂದಿನ ಚಕ್ರಗಳ ದೋಷವು ಸೀಟಿನಲ್ಲಿಯೂ ನೆಲಹಾಸಿನಲ್ಲಿಯೂ ಕಾಣಿಸಿಕೊಳ್ಳುತ್ತದೆ. ಆದರೆ ರಾಯರು ಆ ಮಾತಿಗೆ ನಕ್ಕು ಸುಮ್ಮನಾದರು. ಐವತ್ತಕ್ಕಿಂತ ಹೆಚ್ಚು ಓಡಿಸದಿದ್ದರೆ ನಡುಕವೇ ಇಲ್ಲವೆಂಬುದನ್ನು ಕಂಡುಕೊಂಡು ಅದನ್ನೇ ಚಿಕಿತ್ಸೆಯೆಂದು ನಂಬಿದರು. ಮುಂದೆ ಯಾರೋ ಹೇಳಿದರೆಂದು ಹಣ ಕೊಟ್ಟು ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದರು. ನಡುಕ ಹೋಗಲಿಲ್ಲ, ಹೋಗುವಂತೆಯೂ ಇರಲಿಲ್ಲ. ಅಲೈನ್‌ಮೆಂಟ್ ಎಂದರೆ ಚಕ್ರಗಳ ಮುಖವನ್ನು ನೇರಮಾಡುವುದು. ಗಾಡಿಯು ಒಂದು ಪಕ್ಕಕ್ಕೆ ಎಳೆಯುವುದಕ್ಕೂ ಟೈರು ಓರೆಯಾಗಿ ಸವೆಯುವುದಕ್ಕೂ ಅದು ಮದ್ದು. ವೇಗದಲ್ಲಿ ಬರುವ ಅದುರಿಗೆ ಬೇಕಾದುದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್, ಎಂದರೆ ಚಕ್ರದ ಸುತ್ತಲಿನ ತೂಕವನ್ನು ಸಮಮಾಡುವುದು.

ಕೊನೆಗೆ ಒಂದು ದಿನ ಸೊರಬಕ್ಕೆ ಹೊರಟವರು ಶಿರಾಳಕೊಪ್ಪದಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರ ಮುಂದೆ ಗಾಡಿಯನ್ನು ನಿಲ್ಲಿಸಿದರು. ಮೇಸ್ತ್ರಿಯು ಕೂಡಲೇ ಸ್ಪಾನರಿಗೆ ಕೈಹಾಕಲಿಲ್ಲ.

“ಬ್ರೇಕು ಒತ್ತಿದಾಗ ಹೆಚ್ಚಾಗುತ್ತದೆಯೇ, ರಾಯರೇ?”

“ಇಲ್ಲ.”

“ಕ್ಲಚ್ಚು ಒತ್ತಿ ಎಂಜಿನ್ನನ್ನು ಬಿಡಿಸಿದರೆ ನಿಲ್ಲುತ್ತದೆಯೇ?”

“ಇಲ್ಲ, ಹಾಗೆಯೇ ಇರುತ್ತದೆ.”

“ಗುಂಡಿ ಹಾರಿಸಿದ ಕೂಡಲೇ ಚಕ್ರ ಎಡಕ್ಕೂ ಬಲಕ್ಕೂ ಒದೆಯುತ್ತದೆಯೇ?”

ರಾಯರು ತಡೆದು ಹೇಳಿದರು: “ಒಂದೆರಡು ಸಲ ಹಾಗಾದಂತಿದೆ. ಗುಂಡಿಯದೇ ಪೆಟ್ಟು ಎಂದುಕೊಂಡೆ.”

ಈ ಮೂರು ಪ್ರಶ್ನೆಗಳಲ್ಲಿ ಅರ್ಧ ಶಾಸ್ತ್ರವಿದೆ. ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡ್ರಮ್ಮು ದುಂಡುಗೆಟ್ಟಿರಬೇಕು. ಹೊಸ ಗಾಡಿಗಳಲ್ಲಾದರೆ ಡಿಸ್ಕು. ಎಂಜಿನ್ನನ್ನು ಬಿಡಿಸಿದೊಡನೆ ನಿಂತರೆ ಎಂಜಿನ್ನಿನ ರಬ್ಬರು ಮೌಂಟಿಂಗನ್ನು ಶಂಕಿಸಬೇಕು. ಎರಡೂ ಅಲ್ಲದೆ ಒಂದು ನಿಶ್ಚಿತ ವೇಗದಲ್ಲಿಯೇ ಎದ್ದರೆ ತೂಕ ತಪ್ಪಿದ ಚಕ್ರ, ಸೊಟ್ಟಗಾದ ರಿಮ್ಮು ಅಥವಾ ಉಬ್ಬಿದ ಟೈರು. ತಿಂಗಳುಗಟ್ಟಲೆ ನಿಂತಿದ್ದ ಗಾಡಿಯ ಟೈರು ನೆಲಕ್ಕೊರಗಿದ ಕಡೆ ಚಪ್ಪಟೆಯಾಗಿ ಮೊದಲ ಕೆಲವು ಕಿಲೋಮೀಟರು ಕುಣಿಸಿ ಬಳಿಕ ಶಾಂತವಾಗುವುದೂ ಉಂಟು. ಚಕ್ರದ ನಟ್ಟುಗಳು ಬಿಗಿಯಾಗಿವೆಯೇ ಎಂದು ನೋಡುವುದು ಎಲ್ಲಕ್ಕೂ ಮೊದಲ ಕೆಲಸ. ಅದಕ್ಕೆ ಕಾಸು ಖರ್ಚಿಲ್ಲ.

ಮೇಸ್ತ್ರಿಯು ನಟ್ಟುಗಳನ್ನು ನೋಡಿದ ಮೇಲೆ ಬಲಗಡೆಯ ಮುಂದಿನ ಚಕ್ರವನ್ನು ಬಿಚ್ಚಿ ಅದರ ಒಳಮೈಯನ್ನು ತೋರಿಸಿದರು. ರಿಮ್ಮಿನ ಒಂದು ಭಾಗದಲ್ಲಿ ಗದ್ದೆಯ ದಾರಿಯ ಕೆಸರು ಒಣಗಿ ಇಟ್ಟಿಗೆಯಂತೆ ಅಂಟಿಕೊಂಡಿತ್ತು. ಇಷ್ಟು ಮಣ್ಣಿನಿಂದ ಇಷ್ಟು ಕೋಟಲೆಯೇ ಎಂದು ರಾಯರಿಗೆ ಸೋಜಿಗವಾಯಿತು. ಲೆಕ್ಕವು ಸರಳವಾಗಿದೆ. 15 ಅಂಗುಲದ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ಮಣ್ಣಿದ್ದರೆ, ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಅದು ಎರಡೂವರೆ ಕಿಲೋಗ್ರಾಂ ಭಾರಕ್ಕೂ ಮಿಗಿಲಾದ ಬಲದಿಂದ ಚಕ್ರವನ್ನು ಹೊರಕ್ಕೆ ಸೆಳೆಯುತ್ತದೆ. ಅದೂ ಸೆಕೆಂಡಿಗೆ ಸುಮಾರು 11 ಸುತ್ತು. ವೇಗವು ಅರ್ಧವಾದರೆ ಸೆಳೆತವು ಕಾಲುಭಾಗಕ್ಕಿಳಿಯುತ್ತದೆ. ನಿಧಾನವಾಗಿ ಓಡಿಸಿದಾಗ ನಡುಕವು ಅಡಗುತ್ತಿದ್ದುದರ ಗುಟ್ಟು ಇದೇ. ತಿರುಗುವ ವಸ್ತುವಿಗೆ ನಡು ತಪ್ಪಕೂಡದು. ಅಲ್ಲಿಗೆ ಹತ್ತಿರದ ಬಳ್ಳಿಗಾವೆಯಲ್ಲಿ ಚಾಲುಕ್ಯರ ಕಾಲದ ದುಂಡು ಕಂಬಗಳ ನುಣುಪನ್ನು ಕೈಯಿಂದ ಸವರಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಣ್ಣನ್ನು ಕೆರೆದು ಚಕ್ರವನ್ನು ತೊಳೆದುದಾಯಿತು. ರಾಯರು ಚೀಲಕ್ಕೆ ಕೈಹಾಕಿ, ಹೊತ್ತಾಯಿತು, ಹೊರಡೋಣವೆಂದರು. ಮೇಸ್ತ್ರಿಯು ಬಿಡಲಿಲ್ಲ. “ಒದೆಯುವುದಕ್ಕೆ ಮಣ್ಣು ಕಾರಣವಲ್ಲ, ರಾಯರೇ” ಎಂದು ಮುಂಭಾಗವನ್ನು ಜಾಕಿನ ಮೇಲೆತ್ತಿ ಆಧಾರ ಕೊಟ್ಟರು. ಒಂದೊಂದು ಚಕ್ರವನ್ನೂ ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಹಾಗೆ ಅಲುಗಿದರೆ ಬೇರಿಂಗು ಸಡಿಲವಾಗಿರಬೇಕು, ಇಲ್ಲವೇ ಚಕ್ರವನ್ನು ಹೊತ್ತ ಕೀಲುಗಳು ಸವೆದಿರಬೇಕು. ಇನ್ನೊಬ್ಬರು ಬ್ರೇಕು ಒತ್ತಿದಾಗ ಅಲುಗಾಟ ನಿಂತರೆ ತಪ್ಪು ಬೇರಿಂಗಿನದು, ನಿಲ್ಲದಿದ್ದರೆ ಕೀಲಿನದು. ಅಲ್ಲಿ ದೋಷವಿರಲಿಲ್ಲ. ಬಳಿಕ ಎಡ ಬಲ ಹಿಡಿದು ಅಲುಗಿಸಿದರು. ಎಡಗಡೆಯ ಚಕ್ರವು ‘ಟಕ್ ಟಕ್’ ಎಂದಿತು. ಸ್ಟಿಯರಿಂಗನ್ನು ಚಕ್ರಕ್ಕೆ ಕೂಡಿಸುವ ಟೈ ರಾಡಿನ ತುದಿಯ ಗುಂಡುಕೀಲು ಸವೆದು ತನ್ನ ಬಟ್ಟಲಿನಲ್ಲಿ ಕುಣಿಯುತ್ತಿತ್ತು. ಅದು ಕಳಚಿದರೆ ಆ ಚಕ್ರವು ಓಡಿಸುವವನ ಮಾತನ್ನು ಕೇಳುವುದಿಲ್ಲ. ತನಗೆ ಬೇಕಾದತ್ತ ತಿರುಗುತ್ತದೆ.

ರಾಯರು ಮಾತನಾಡಲಿಲ್ಲ. ದಾರಿಯಲ್ಲಿ ದಾಟಿಬಂದ ಕೆರೆಯ ಏರಿಗಳೂ, ಹಿಂದಿನ ಸೀಟಿನಲ್ಲಿ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿದ್ದ ಮಗುವೂ ಅವರ ಕಣ್ಣಮುಂದೆ ಬಂದಿರಬೇಕು.

ಇಲ್ಲಿ ಎರಡು ರೋಗಗಳಿದ್ದುವು. ಕೂಗಾಡಿದ್ದು ಮಣ್ಣು, ಅದರಿಂದ ಪ್ರಾಣಭಯವಿರಲಿಲ್ಲ. ಪ್ರಾಣಕ್ಕೆ ಹೊಂಚುಹಾಕಿದ್ದ ಕೀಲು ಬಹುಮಟ್ಟಿಗೆ ಮೌನವಾಗಿತ್ತು. ಮಣ್ಣು ಕೂಗದೆ ಇದ್ದಿದ್ದರೆ ಗಾಡಿಯು ಮೇಸ್ತ್ರಿಯ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಮಣ್ಣು ಹೋದೊಡನೆ ಹೊರಟಿದ್ದರೆ, ನಡುಕವಿಲ್ಲದ ಧೈರ್ಯದಿಂದ ರಾಯರು ಇನ್ನೂ ವೇಗವಾಗಿಯೇ ಓಡಿಸುತ್ತಿದ್ದರು. ಒಂದು ಕಾರಣ ಸಿಕ್ಕಿತೆಂದು ಹುಡುಕಾಟವನ್ನು ನಿಲ್ಲಿಸಬಾರದೆಂಬ ವಿವೇಕವು ಹಳೆಯ ಗಾಡಿಯನ್ನು ಇಟ್ಟುಕೊಂಡವರಿಗೆ ಅವಶ್ಯವಾದುದು.

ಆ ದಿನ ಸೊರಬಕ್ಕೆ ಅವರು ಬಸ್ಸಿನಲ್ಲಿ ಹೋದರು. ಮರುದಿನ ಹೊಸ ಕೀಲು ಬಂದು ಕುಳಿತಿತು, ಬ್ಯಾಲೆನ್ಸಿಂಗೂ ಆಯಿತು. ಕೀಲು ಬದಲಾದುದರಿಂದ ಅಲೈನ್‌ಮೆಂಟನ್ನು ಮತ್ತೊಮ್ಮೆ ಹಣ ಕೊಟ್ಟು ಮಾಡಿಸಬೇಕಾಯಿತು. ರಾಯರು ಸವೆದ ಕೀಲನ್ನು ಎಸೆಯದೆ ಮನೆಗೆ ತಂದು ಮೇಜಿನ ಮೇಲೆ ಕಾಗದಗಳಿಗೆ ಭಾರವಾಗಿ ಇಟ್ಟುಕೊಂಡಿದ್ದಾರೆ. ದಾರಿಯಲ್ಲಿ ಪತ್ನಿಯು ಏನಾದರೂ ಸದ್ದಾಯಿತೆಂದರೆ ಈಗ ಅವರು ನಗುವುದಿಲ್ಲ, ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, “ಯಾವ ಕಡೆ?” ಎಂದು ಕೇಳುತ್ತಾರೆ.