ಅಜ್ಜಿಯ ಗುಡ್ಡ, ನನ್ನ ನಡುಗಡ್ಡೆ

 

ಸುತ್ತಲೂ ನೀರಿನಿಂದ ಆವರಿಸಿದ ಭೂಭಾಗಕ್ಕೆ ನಡುಗಡ್ಡೆ ಎನ್ನುತ್ತಾರೆ. ಇದನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಪರೀಕ್ಷೆಯಲ್ಲಿ ಬರೆದು ನಾನು ಪೂರ್ತಿ ಅಂಕವನ್ನೂ ತಗೊಂಡಿದ್ದೆ. ಆದರೆ ಇದೇ ಉತ್ತರದಿಂದ ನಮ್ಮ ಅಜ್ಜಿಯ ಮನಸ್ಸನ್ನು ನೋಯಿಸಿದೆ. ಆ ಸಂಗತಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಏಳನೇ ತರಗತಿಯಲ್ಲಿದ್ದಾಗ ಲಕ್ಕವಳ್ಳಿಯ ಭದ್ರಾ ಡ್ಯಾಂಗೆ ಪ್ರವಾಸ ಹೋಗಿದ್ದು ನಿಮಗೆ ನೆನಪಿರಬಹುದು. ಹಿನ್ನೀರಿನಲ್ಲಿ ಅಲ್ಲಲ್ಲಿ ಎದ್ದು ನಿಂತ ನಡುಗಡ್ಡೆಗಳನ್ನು ನೋಡಿ ಎಲ್ಲರೂ ಕೂಗಾಡಿದ್ದೆವು. ರಿವರ್ ಟರ್ನ್ ಎಂಬ ಹಕ್ಕಿಗಳು ಬೇಸಿಗೆಯಲ್ಲಿ ಅಲ್ಲಿಗೆ ಬಂದು ಗೂಡು ಕಟ್ಟದೆ ಬರೀ ನೆಲದ ಮೇಲೇ ಮೊಟ್ಟೆ ಇಡುತ್ತವೆ ಎಂದು ಮೇಷ್ಟ್ರು ಹೇಳಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ ನಾನು ಅಜ್ಜಿಗೆ, "ಅಜ್ಜೀ, ಭದ್ರೆಯಲ್ಲಿ ಎಷ್ಟೊಂದು ನಡುಗಡ್ಡೆ ಇದಾವೆ ಗೊತ್ತಾ?" ಎಂದೆ.

ಅಜ್ಜಿ, "ಅದ್ಯಾವ ನಡುಗಡ್ಡೆನೋ? ನಮ್ಮ ಹೊಳೇಲಿ ಹಂಗೇನೂ ಇರ್ಲಿಲ್ಲಪ್ಪ" ಎಂದರು.

"ನೀನು ಶಾಲೆಗೆ ಹೋಗಿಲ್ಲ, ನಿಂಗೇನು ಗೊತ್ತು" ಎಂದುಬಿಟ್ಟೆ. ಅಜ್ಜಿ ಏನೂ ಮಾತಾಡದೆ ಎದ್ದು ಕೈ ತೊಳೆಯಲು ಹೋದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಆಮೇಲೆ ಅಪ್ಪ ನನ್ನನ್ನು ಜಗಲಿಗೆ ಕರೆದು ವಿಷಯ ಹೇಳಿದರು. ಅಜ್ಜಿಯದು ಮುಳುಗಡೆಯಾದ ಊರು. ಭದ್ರಾ ಡ್ಯಾಂ ಕೆಲಸ 1940ರ ದಶಕದ ಕೊನೆಯಲ್ಲಿ ಶುರುವಾಗಿ 1960ರ ದಶಕದಲ್ಲಿ ಮುಗಿಯಿತು. ನೀರು ಏರಿದಾಗ ಅಜ್ಜಿಗೆ ಹತ್ತು ವರ್ಷವಂತೆ. ಎರಡು ಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟರಂತೆ. ದಾಯಾದಿಗಳಲ್ಲಿ ಕೆಲವರು ಕಡೂರು ಕಡೆ ಹೋದರು, ಕೆಲವರು ತರೀಕೆರೆಯಲ್ಲಿ ಉಳಿದರು. ಅಜ್ಜಿಯ ತಂಗಿಯನ್ನು ಅಜ್ಜಂಪುರದ ಹತ್ತಿರ ಕೊಟ್ಟರು. ಒಂದೇ ಬೀದಿಯವರು ಮೂರು ದಿಕ್ಕಾದರು.

2023ರಲ್ಲಿ ಮಳೆ ಸರಿಯಾಗಿ ಬರಲಿಲ್ಲ. 2024ರ ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿಯಿತು. ನರಸಿಂಹರಾಜಪುರದ ಕಡೆ ನಮ್ಮ ನೆಂಟರ ಮನೆಗೆ ಹೋಗಿದ್ದಾಗ ಅಪ್ಪ ಅಜ್ಜಿಯನ್ನೂ ನನ್ನನ್ನೂ ದಡಕ್ಕೆ ಕರೆದುಕೊಂಡು ಹೋದರು. ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಪುಟ್ಟ ರೈಲು ಓಡುತ್ತಿತ್ತು, ಅದರ ಮಾತನ್ನು ತನ್ನ ಅಪ್ಪನ ಬಾಯಲ್ಲಿ ಕೇಳಿದ್ದೆ ಎಂದು ಅಜ್ಜಿ ದಾರಿಯುದ್ದಕ್ಕೂ ಹೇಳಿದರು. ದಡ ಬಂದಾಗ ಸುಮ್ಮನಾದರು. ಒಡೆದ ಕೆಸರು, ಒಣಗಿದ ಮರದ ಬೊಡ್ಡೆಗಳು, ದೂರದಲ್ಲಿ ನೀರು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ನಡುಗಡ್ಡೆ ತೋರಿಸಿ,

"ಅದು ನಡುಗಡ್ಡೆ ಅಲ್ಲ ಮಗಾ. ನಾವು ದನ ಮೇಯಿಸ್ತಿದ್ದ ಗುಡ್ಡ. ಅದರ ಬುಡದಲ್ಲೇ ನಮ್ಮ ಮನೆ ಇತ್ತು" ಎಂದರು.

ನನಗೆ ತುಂಬಾ ನಾಚಿಕೆಯಾಯಿತು. ನಾನು ನೀರನ್ನು ನೋಡಿ ನಡುಗಡ್ಡೆ ಎಂದಿದ್ದೆ. ಅಜ್ಜಿ ನೀರಿನ ಕೆಳಗಿದ್ದ ನೆಲವನ್ನು ಬಲ್ಲವರು. ಇಬ್ಬರ ಮಾತೂ ಸರಿಯೇ, ಆದರೆ ತಿಳಿಯದವನು ನಾನು.

ಈ ವರ್ಷ ಸಮಾಜ ವಿಜ್ಞಾನದ ಮೇಷ್ಟ್ರು ಹಾಲೆಂಡ್ ದೇಶದ ವಿಷಯ ಹೇಳಿದಾಗ ನನಗೆ ಇದೆಲ್ಲ ಮತ್ತೆ ನೆನಪಾಯಿತು. ಅಲ್ಲಿ ಸ್ಕೊಕ್‌ಲ್ಯಾಂಡ್ ಎಂಬ ಉದ್ದನೆಯ ಸಣ್ಣ ದ್ವೀಪವಿತ್ತು. ಎಮ್ಮೆಲೋರ್ಡ್, ಎನ್ಸ್ ಅಂತ ಅದರಲ್ಲಿ ಊರುಗಳಿದ್ದವು. ಜನ ಮೀನು ಹಿಡಿದು ಬದುಕುತ್ತಿದ್ದರು. ಸಮುದ್ರ ವರ್ಷ ವರ್ಷವೂ ನೆಲವನ್ನು ಕೊರೆಯುತ್ತಾ ಬಂತು. ಕಡೆಗೆ 1859ರಲ್ಲಿ ಸರ್ಕಾರದ ಆಜ್ಞೆಯಂತೆ ಸುಮಾರು 650 ಜನ ಮನೆ ಬಿಟ್ಟು ಹೊರಟರು. ನಂತರ 1932ರಲ್ಲಿ ಡಚ್ಚರು ಜೈಡರ್ ಜೀ ಎಂಬ ಒಳಸಮುದ್ರಕ್ಕೆ ಸುಮಾರು 32 ಕಿಲೋಮೀಟರ್ ಉದ್ದದ ಕಟ್ಟೆ ಹಾಕಿದರು. ಒಳಗಿನ ಒಂದು ಭಾಗದ ನೀರನ್ನು ಪಂಪಿನಿಂದ ಹೊರಗೆ ಹಾಕಿದರು. 1942ರ ಹೊತ್ತಿಗೆ ಆ ದ್ವೀಪದ ಸುತ್ತ ನೀರೇ ಇರಲಿಲ್ಲ. ಈಗ ಅದು ಹೊಲಗಳ ನಡುವೆ ಇರುವ ಒಂದು ದಿಬ್ಬ. 1995ರಲ್ಲಿ ಅದನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನೋಡಿ, ಅಲ್ಲಿ ದ್ವೀಪ ದಿಬ್ಬವಾಯಿತು, ಇಲ್ಲಿ ಗುಡ್ಡ ದ್ವೀಪವಾಯಿತು. ಎರಡು ಕಡೆಯೂ ಊರಿನವರು ಹೊರಡಬೇಕಾಯಿತು. ಆದರೆ ಡಚ್ಚರು ಒಂದು ಕೆಲಸ ಮಾಡಿದರು. ಹೊಸ ನೆಲದಲ್ಲಿ ಊರು ಕಟ್ಟಿದಾಗ ಎಮ್ಮೆಲೋರ್ಡ್, ಎನ್ಸ್ ಎಂಬ ಹಳೆಯ ಹೆಸರುಗಳನ್ನೇ ಇಟ್ಟರು.

ಡ್ಯಾಂ ಕಟ್ಟಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. 186 ಅಡಿಯ ಆ ಜಲಾಶಯದ ನೀರಿನಿಂದ ಶಿವಮೊಗ್ಗ, ದಾವಣಗೆರೆ ಕಡೆ ಲಕ್ಷ ಹೆಕ್ಟೇರಿಗೂ ಹೆಚ್ಚು ಜಮೀನು ಹಸಿರಾಗಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಅಜ್ಜಂಪುರದ ಹತ್ತಿರ ಸುರಂಗ ಕೊರೆದು ಚಿತ್ರದುರ್ಗದ ಕಡೆಗೂ ನೀರು ಒಯ್ಯುತ್ತಾರೆ. ನಾವು ಉಣ್ಣುವ ಅನ್ನದಲ್ಲೂ ಭದ್ರೆಯ ಪಾಲಿದೆ. ಆದರೆ ಆ ಅನ್ನಕ್ಕಾಗಿ ಯಾವ ಯಾವ ಊರು ಹೋಯಿತೆಂದು ನಮಗೆ ಹೆಸರಾದರೂ ಗೊತ್ತಿರಬೇಡವೇ?

ಕಳೆದ ತಿಂಗಳು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಜ್ಜಿ ಹೇಳಿದಂತೆ ಊರಿನ ನಕ್ಷೆ ಬರೆದೆ. ಹೊಳೆ, ಗಾಡಿದಾರಿ, ಹುಣಸೆಮರ, ಮಾರಮ್ಮನ ಗುಡಿ, ದನದ ಗುಡ್ಡ ಎಲ್ಲ ಬಂತು. ಆದರೆ ಹೊಳೆಯಾಚೆಯ ಎರಡು ಗುಡ್ಡಗಳ ಹೆಸರು ಅಜ್ಜಿಗೆ ನೆನಪಾಗಲಿಲ್ಲ. "ನಾಲಿಗೆ ತುದೀಲೇ ಇದೆ ಕಣೋ" ಎಂದು ಎರಡು ದಿನ ಒದ್ದಾಡಿದರು. ಅಜ್ಜಂಪುರದ ಚಿಕ್ಕಜ್ಜಿಗೆ ಗೊತ್ತಿರಬಹುದು. ದಸರಾ ರಜೆಯಲ್ಲಿ ನಾನೂ ಅಜ್ಜಿಯೂ ಅಲ್ಲಿಗೆ ಹೋಗಿ ಕೇಳಿಕೊಂಡು ಬರುತ್ತೇವೆ. ಅಲ್ಲಿಯವರೆಗೆ ಆ ಎರಡು ಜಾಗ ಖಾಲಿ ಬಿಟ್ಟಿದ್ದೇನೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಮುಳುಗಡೆಯಿಂದ ಬಂದವರಿದ್ದರೆ, ಅಥವಾ 2002ರ ಸುಮಾರಿಗೆ ಭದ್ರಾ ಅಭಯಾರಣ್ಯದ ಊರುಗಳನ್ನು ಬಿಟ್ಟು ಎಂ.ಸಿ. ಹಳ್ಳಿಗೆ ಬಂದವರಿದ್ದರೆ, ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಎಲ್ಲ ಸೇರಿಸಿ ದೊಡ್ಡ ನಕ್ಷೆಯೊಂದನ್ನು ಈ ಗೋಡೆಗೆ ಹಾಕೋಣ. ಮತ್ತೆ ನನ್ನ ಹಾಗೆ "ನಿಂಗೇನು ಗೊತ್ತು" ಎಂದು ಮಾತ್ರ ಯಾರೂ ಅನ್ನಬೇಡಿ.

ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ